ಆಗದೆ ಉಳಿದ ವಿಚ್ಛೇದನ

ಡ್ರೈವಿಂಗ್ ಲೈಸೆನ್ಸ್ ನವೀಕರಿಸಲೆಂದು ಕೋರ್ಟಿನ ಕಟ್ಟಡದಲ್ಲೇ ಇದ್ದ ಕೌಂಟಿ ಕ್ಲರ್ಕ್ ದಾಖಲೆ ಕಚೇರಿಗೆ ಬಂದಿದ್ದ ಕೊರಿನ್‌ಗೆ ಮೊದಲು ಕೇಳಿಸಿದ್ದು ಅವನ ಕೆಮ್ಮು. ಆಮೇಲೆ ದನಿ.

"ಡಿವೋರ್ಸ್ ಕಾಪಿ ಬೇಕಿತ್ತು ಮೇಡಂ. ಸೀಲ್ ಹೊಡೆದದ್ದು. ಎಲ್ಡನ್ ಲಫೇವ್ ಅಂತ ಹೆಸರು."

ಅವಳ ಕೈಯಲ್ಲಿದ್ದ ಪೆನ್ನು ನಿಂತುಬಿಟ್ಟಿತು. ಪಕ್ಕದ ಕಿಟಕಿ. ನಡುವೆ ಒಂದು ಕಂಬ. ಅದರಾಚೆ ಅವನ ಮೊಣಕೈ ಮಾತ್ರ ಕಾಣುತ್ತಿತ್ತು. ಹನ್ನೊಂದು ವರ್ಷದ ಮೇಲೆ ಕಂಡ ಮೊಣಕೈ. ಗುರುತು ಹಿಡಿಯಲು ಅಷ್ಟೇ ಸಾಕಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಮತ್ತೆ ಮದುವೆನಾ?" ಕಿಟಕಿಯ ಹಿಂದಿದ್ದ ಬರ್ನಿಸ್ ಕೇಳಿದಳು. ಊರಿನ ಮದುವೆ, ಮುರಿದ ಮದುವೆ ಎಲ್ಲವೂ ಅವಳ ಕೈ ದಾಟಿಯೇ ಹೋಗಬೇಕು.

"ಹೂಂ. ಸೆಪ್ಟೆಂಬರ್‌ಗೆ. ಸಿರಾಕ್ಯೂಸ್ ಹತ್ರ. ಹಳೇದು ಮುಗಿದಿದೆ ಅಂತ ಕಾಗದ ತೋರಿಸ್ಬೇಕಂತೆ."

"ತೋರಿಸ್ಲೇಬೇಕು. ಇಲ್ಲಾಂದ್ರೆ ನಿಮ್ಮಂಥೋರು ಊರಿಗೊಬ್ಬಳ್ನ ಕಟ್ಕೋತೀರ" ಎಂದು ನಗುತ್ತಾ ಬರ್ನಿಸ್ ಒಳಕೋಣೆಗೆ ಹೋದಳು.

ಎದ್ದು ಹೋಗಿಬಿಡಲು ಕೊರಿನ್‌ಗೆ ಆಗ ಸಮಯವಿತ್ತು. ಬರ್ನಿಸ್ ಬಂದು ಏನು ಹೇಳುತ್ತಾಳೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಲು ಏಳಲಿಲ್ಲ.

ಬರ್ನಿಸ್ ಹೊರಬಂದಾಗ ಮುಖದಲ್ಲಿ ನಗುವಿರಲಿಲ್ಲ. "ಸಾರ್, ಕೇಸು ಹಾಕಿದ್ದೀರಿ, ಸರಿ. ಆದ್ರೆ ತೀರ್ಪೇ ಆಗಿಲ್ಲ. ವಿಚಾರಣೆ ದಿನ ನೀವೂ ಬಂದಿಲ್ಲ, ಅವರೂ ಬಂದಿಲ್ಲ. ಬಿದ್ದೋಗಿದೆ."

"ಬಿದ್ದೋಗಿದೆ ಅಂದ್ರೆ?"

"ಅಂದ್ರೆ ನೀವಿನ್ನೂ ಗಂಡ ಹೆಂಡ್ತಿ. ಇಲ್ಲದ ಡಿವೋರ್ಸಿಗೆ ನಾನೆಲ್ಲಿಂದ ಕಾಪಿ ತರ್ಲಿ?"

ಮೊಣಕೈ ಕಟ್ಟೆಯ ಮೇಲಿಂದ ಜಾರಿತು. ಅವನು ಹಿಂದಕ್ಕೆ ಸರಿದ. ಸರಿದವನು ಕಂಬದ ಈಚೆ ನೋಡಿದ.

ತಲೆ ಪೂರ್ತಿ ನೆರೆತಿತ್ತು. ಕಣ್ಣು ಮಾತ್ರ ಅದೇ. ದನದ ಕೊಟ್ಟಿಗೆಯಲ್ಲಿ ಕರು ಹಾಕುವ ಹಸುವಿನ ಪಕ್ಕ ಕೂತು ಬೆಳಗು ಮಾಡಿದಾಗ ಹೇಗೆ ಕಾಣುತ್ತಿದ್ದವೋ ಹಾಗೇ, ನಿದ್ದೆಗೆಟ್ಟ, ಮೆತ್ತನೆಯ ಕಣ್ಣು.

"ಕೊರಿನ್..."

"ದಪ್ಪ ಆಗಿದೀಯ" ಎಂದಳು ಅವಳು.

*

ಹೊರಗೆ ಮಾರ್ಚ್ ತಿಂಗಳ ಕೆಸರು. ಹಿಮ ಅರ್ಧ ಕರಗಿ ಅರ್ಧ ಉಳಿದಿತ್ತು. ಕೂರಲು ಬೇರೆ ಜಾಗವಿಲ್ಲದೆ ಇಬ್ಬರೂ ಅವನ ಪಿಕಪ್ ಟ್ರಕ್ಕಿನಲ್ಲಿ ಕೂತರು. ಹೀಟರಿನ ಗಾಳಿಯನ್ನು ಅವನು ಕೇಳದೆಯೇ ಅವಳ ಕಡೆಗೆ ತಿರುಗಿಸಿದ. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

"ಯಾರವಳು?"

"ಪಾಲೆಟ್. ಗಂಡ ತೀರ್ಕೊಂಡಿದಾನೆ. ಹೂವಿನ ಸಸಿ ಬೆಳೆಸಿ ಮಾರ್ತಾಳೆ." ಹೀಟರಿನ ಗುಂಡಿ ತಿರುವುತ್ತಾ, "ಜಾಸ್ತಿ ಮಾತಾಡ್ತಾಳೆ" ಎಂದ.

"ನಿನ್ನ ಪಾಲಿಂದೂ ಸೇರಿಸಿ ಆಡ್ತಾಳೆ ಅನ್ನು."

ಅವನು ನಕ್ಕ. ನಗು ಬೇಗ ನಿಂತಿತು. "ಅವತ್ತು ನೀನ್ಯಾಕೆ ಕೋರ್ಟಿಗೆ ಬರ್ಲಿಲ್ಲ?"

ಅವಳು ಆ ದಿನದ ಬೆಳಗನ್ನು ನೆನೆದಳು. ಹಸುಗಳನ್ನೆಲ್ಲ ಮಾರಿ ಆಗಿತ್ತು. ಖಾಲಿ ಕೊಟ್ಟಿಗೆ ನೋಡಲಾಗುವುದಿಲ್ಲ, ಬಿಟ್ಟು ಹೋಗೋಣ ಎಂದು ಅವನು. ಅಪ್ಪ ಕಟ್ಟಿದ ಮನೆ, ಸತ್ತರೂ ಇಲ್ಲೇ ಎಂದು ಅವಳು. ಆ ಒಂದು ಮಾತಿನ ಮೇಲೆ ಚಳಿಗಾಲವಿಡೀ ಜಗಳಾಡಿ, ಕೊನೆಗೆ ಜಗಳವೂ ಬತ್ತಿ, ಅವನು ಹಾಲಿನ ಟ್ಯಾಂಕರ್ ಓಡಿಸಲು ದಕ್ಷಿಣಕ್ಕೆ ಹೋಗಿದ್ದ. ಅಲ್ಲಿಂದ ವಕೀಲರ ಕಾಗದ ಬಂದಿತ್ತು.

"ಕೋಟು ಹಾಕ್ಕೊಂಡೆ, ಬೂಟು ಹಾಕ್ಕೊಂಡೆ" ಎಂದಳು. "ಅಡುಗೆಮನೇಲಿ ಹಾಗೇ ಕೂತ್ಬಿಟ್ಟೆ. ನಾನು ಹೋಗ್ದಿದ್ರೂ ನೀನು ಹೋಗಿ ಮುಗಿಸ್ತೀಯ ಅಂದ್ಕೊಂಡೆ."

"ನಾನು ಬಂದಿದ್ದೆ ಕಣೇ. ಇದೇ ಜಾಗದಲ್ಲಿ ಗಾಡಿ ನಿಲ್ಲಿಸಿದ್ದೆ. ಇಳಿಯಕ್ಕಾಗ್ಲಿಲ್ಲ. ನೀನು ಒಳಗಿರ್ತೀಯ, ನೋಡಿದ್ರೆ ತಡ್ಕೊಳಕ್ಕಾಗಲ್ಲ ಅನ್ನಿಸ್ತು. ಹಂಗೇ ತಿರುಗಿಸ್ಕೊಂಡು ಹೋದೆ. ನೀನಿದ್ದೀಯಲ್ಲ, ಆಗಿರತ್ತೆ ಅಂತ... ವಕೀಲನ ಫೋನ್ ಬಂದ್ರೂ ಎತ್ತಲಿಲ್ಲ."

ಹೀಟರ್ ಗುಯ್‌ಗುಡುತ್ತಿತ್ತು. ಒಬ್ಬರು ಕೋಟು ತೊಟ್ಟು ಅಡುಗೆಮನೆಯಲ್ಲಿ, ಇನ್ನೊಬ್ಬರು ಗಾಡಿಯಲ್ಲಿ. ಇಬ್ಬರೂ ಇಲ್ಲದ ಕೋರ್ಟಿನಲ್ಲಿ ಗುಮಾಸ್ತ ಹೆಸರು ಕೂಗಿರಬೇಕು.

"ನಂಗೆ ಗೊತ್ತಿತ್ತು ಎಲ್ಡನ್."

"ಏನು?"

"ಆಗಿಲ್ಲ ಅಂತ. ಮಾರನೇ ವರ್ಷವೇ ಬಂದು ಇಲ್ಲಿ ಕೇಳಿದ್ದೆ."

ಅವನು ಪೂರ್ತಿ ಅವಳತ್ತ ತಿರುಗಿದ. "ಇಷ್ಟು ವರ್ಷ? ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಬಂದು ಮುಗಿಸ್ತಿದ್ದೆ." ಅವಳ ದನಿ ಇಳಿಯಿತು. "ನೀನು ಬೇಕೂಂತ್ಲೇ ಬಂದಿಲ್ಲ, ಮನಸ್ಸು ಬದ್ಲಾಗಿದೆ, ಒಂದಿನ ಮನೆಗೇ ಬರ್ತೀಯ ಅಂದ್ಕೊಂಡೆ. ಚೀಸ್ ಫ್ಯಾಕ್ಟರಿಯಿಂದ ಮನೆಗೆ ಬರೋವಾಗ ತಿರುವಲ್ಲಿ ನೋಡ್ತಿದ್ದೆ, ಅಂಗಳದಲ್ಲಿ ಗಾಡಿ ಇದ್ಯಾ ಅಂತ. ಆಮೇಲೆ ನೋಡೋದೇ ಅಭ್ಯಾಸ ಆಯ್ತು. ಗಾಡಿ ಇರಲ್ಲ ಅಂತ ಗೊತ್ತಿದ್ರೂ ನೋಡೋದು."

ಎಲ್ಡನ್ ಸ್ಟೀರಿಂಗ್ ಮೇಲೆ ಹಣೆಯಿಟ್ಟ. ಅವನ ಕುತ್ತಿಗೆಯ ಹಿಂದೆ ಕೂದಲು ನೀಟಾಗಿ ಕತ್ತರಿಸಿತ್ತು. ಮನೆಯಲ್ಲಿ ಕುರ್ಚಿ ಹಾಕಿ ಯಾರೋ ಪ್ರೀತಿಯಿಂದ ಕತ್ತರಿಸಿದ ಹಾಗೆ. ಅವಳ ಬೆರಳುಗಳು ಅಲ್ಲಿಗೆ ಹೋಗಲು ತವಕಿಸಿದವು. ಕೈಯನ್ನು ತೊಡೆಯಡಿ ಇಟ್ಟುಕೊಂಡಳು.

"ಬರ್ಲಾ?" ಅವನು ತಲೆಯೆತ್ತದೆ ಕೇಳಿದ. "ನೀನು ಹೂಂ ಅನ್ನು. ಈಗ್ಲೇ ಮನೆ ಕಡೆ ತಿರುಗಿಸ್ತೀನಿ."

ಇಷ್ಟು ವರ್ಷ ಅವಳು ಬಯಸಿದ್ದು ಈ ಒಂದು ಮಾತನ್ನು. ಹೂಂ ಎನ್ನಲು ಬಾಯಿ ತೆರೆದೂ ಆಗಿತ್ತು.

"ಅಲ್ಲಿ ನಗ್ತೀಯಾ ನೀನು? ಅವಳ ಮನೇಲಿ?"

ಅವನು ಸ್ಟೀರಿಂಗ್ ಮೇಲಿಂದ ತಲೆಯೆತ್ತಿದ. ಸುಳ್ಳು ಹೇಳಲು ಅವನಿಗೆ ಎಂದೂ ಬಂದಿರಲಿಲ್ಲ. "ನಗ್ತೀನಿ" ಎಂದ.

ಕೊರಿನ್ ಬಾಗಿಲು ತೆಗೆದಳು. ತಣ್ಣನೆಯ ಗಾಳಿ ನುಗ್ಗಿತು. "ಇಳಿ. ಒಳಗೆ ಹೋಗಿ ಏನೇನು ಬರೀಬೇಕೋ ಕೇಳೋಣ. ಈ ಸಲ ಇಬ್ರೂ ಇರೋಣ."

"ಕೊರಿನ್, ನಾನು ನಿಜವಾಗ್ಲೂ ಹೇಳ್ದೆ..."

"ಗೊತ್ತು. ಆದ್ರೆ ಇವತ್ತು ನೀನು ಬಂದಿದ್ದು ಕಾಪಿಗೆ. ನಂಗೋಸ್ಕರ ಅಲ್ಲ. ಈಗ ಕರ್ಕೊಂಡು ಹೋದ್ರೆ ದಿನಾ ಊಟಕ್ಕೆ ಕೂತಾಗ ಅದೇ ನೆನಪಾಗತ್ತೆ ನಂಗೆ."

*

ತೀರ್ಪು ಬಂದದ್ದು ಆಗಸ್ಟ್‌ನಲ್ಲಿ. ವಿಚಾರಣೆಗೆ ಅವಳು ನೀಲಿ ಅಂಗಿ ತೊಟ್ಟು ಹೋಗಿದ್ದಳು. ನ್ಯಾಯಾಧೀಶರು ಒಪ್ಪಿಗೆಯೇ ಎಂದಾಗ ಗಟ್ಟಿಯಾಗಿಯೇ ಹೌದೆಂದಿದ್ದಳು. ಡಿವೋರ್ಸ್ ಕಾಗದವನ್ನು ಆ ಇಬ್ಬರಲ್ಲದೆ ಬೇರೆಯವರಿಗೆ ಕೊಡುವುದಿಲ್ಲವಾದ್ದರಿಂದ ಎಲ್ಡನ್ ತಾನೇ ಬಂದ. ತಾನು ಬರಬೇಕಿಲ್ಲ ಎಂದು ಗೊತ್ತಿದ್ದೂ ಅವಳು ಬಂದಳು.

"ಒಂದಾ, ಎರಡಾ?" ಬರ್ನಿಸ್ ಕೇಳಿದಳು.

"ನಂಗೂ ಒಂದಿರ್ಲಿ" ಎಂದಳು ಕೊರಿನ್.

"ನೀನೂ ಮದುವೆ ಆಗ್ತಿದೀಯೇನೇ?"

"ನೀನು ಗಂಡು ತೋರಿಸು, ಆಗೋಣ."

ಮೂವರೂ ನಕ್ಕರು. ಬರ್ನಿಸ್ ಸೀಲನ್ನು ಒತ್ತಿದಳು. ಕಾಗದದ ಮೇಲೆ ಎದ್ದ ಗುಂಡನೆಯ ಉಬ್ಬನ್ನು ಕೊರಿನ್ ಹೆಬ್ಬೆರಳಿನಿಂದ ಒಮ್ಮೆ ಸವರಿ, ಮಡಚಿ ಚೀಲಕ್ಕೆ ಹಾಕಿಕೊಂಡಳು.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಗಾಡಿಯ ಬಳಿ ಅವನು ಹೊರಡಲಾರದೆ ನಿಂತ. ಟೋಪಿಯನ್ನು ಈ ಕೈಯಿಂದ ಆ ಕೈಗೆ ದಾಟಿಸಿದ. ಆಮೇಲೆ ಮೆಲ್ಲಗೆ ಅವಳನ್ನು ಅಪ್ಪಿದ. ಅವನ ಅಂಗಿಯಲ್ಲಿ ಪರಿಚಯವಿಲ್ಲದ ಸೋಪಿನ ವಾಸನೆ. ಅದರ ಕೆಳಗೆ ಅವಳಿಗೆ ಪರಿಚಯವಿದ್ದ ಅವನ ವಾಸನೆ. ಅವಳು ಕಣ್ಣುಮುಚ್ಚಿ ಒಮ್ಮೆ ಪೂರ್ತಿ ಉಸಿರೆಳೆದುಕೊಂಡಳು.

"ಏನಾದ್ರೂ ಹೇಳು ಕೊರಿನ್. ಬೈದಾದ್ರೂ ಬಿಡು."

ಅವಳು ಅವನ ಕಾಲರ್ ಸರಿಮಾಡಿದಳು.

"ಹೊರಡು. ದಾರಿ ದೂರ ಇದೆ, ಪಾಲೆಟ್ ಬಾಗಿಲಲ್ಲೇ ನಿಂತಿರ್ತಾಳೆ. ಅವಳನ್ನ ಕಾಯಿಸ್ಬೇಡ ಎಲ್ಡನ್. ಕಾಯೋದು ಎಂಥದ್ದು ಅಂತ ನಂಗೊತ್ತು."