ಮುಗಿಲಿಯ ದವಡೆ ನಡುಗಿದ್ದೇಕೆ

ಬಹಳ ಬಹಳ ಹಿಂದೆ, ಮೋಡಗಳು ಮನೆಯ ಮಾಡಿಗಿಂತ ಕೆಳಗೆ ತೇಲುತ್ತಿದ್ದ ಕಾಲದಲ್ಲಿ, ಹಿಮಕೂಟವೆಂಬ ರಾಜ್ಯವಿತ್ತು. ಅಲ್ಲಿ ಮೇಘವಂಶದ ಬೆಕ್ಕುಗಳಿದ್ದವು. ಮೋಡದಂಥ ಬೂದು ತುಪ್ಪಳ, ಪಚ್ಚೆಯಂಥ ಕಣ್ಣು. ಪ್ರತಿ ವಸಂತದಲ್ಲೂ ಅರಮನೆಯಲ್ಲಿ ಅವುಗಳ ಪ್ರದರ್ಶನ ನಡೆಯುತ್ತಿತ್ತು.

ಒಂದು ವರ್ಷ ಧೂಮಕೇಶನೆಂಬ ಮಾಂತ್ರಿಕ ತೀರ್ಪುಗಾರನಾಗಿ ಬಂದ. ಬೆಕ್ಕುಗಳ ಕುತ್ತಿಗೆ ಹಿಡಿದು ಎತ್ತಿದ. ಅವು ಪರಚಿದವು. ತಡೆಯಲು ಬಂದ ರಾಣಿಯನ್ನೂ ಬೆಕ್ಕುಗಳನ್ನೂ ಅವನು ಕಲ್ಲಾಗಿಸಿ, ತಾನೇ ಸಿಂಹಾಸನವೇರಿದ.

ರಾಣಿಯ ಮಗಳು ತರಳೆ ಅವನೆದುರು ನಿಂತಳು. "ನನ್ನ ಅಮ್ಮನನ್ನು ಬಿಟ್ಟುಬಿಡು."

"ಮುಂದಿನ ವಸಂತಕ್ಕೆ ಒಂದು ಬೆಕ್ಕು ತಾ. ಮೂರು ಪರೀಕ್ಷೆಯಲ್ಲಿ ಅದು ಹೆದರದಿದ್ದರೆ ಬಿಡುತ್ತೇನೆ. ಹೆದರಿದರೆ ನೀನೂ ಕಲ್ಲು!"

ಅಂದು ಮಂಚದಡಿ ಅವಿತಿದ್ದ ಮರಿಯೊಂದೇ ಉಳಿದಿತ್ತು. ಹೆಸರು ಮುಗಿಲಿ. ತರಳೆ ಅವಸರ ಮಾಡಲಿಲ್ಲ. ಮೊದಲು ಬೆರಳು ಮೂಸಲು ಕೊಟ್ಟಳು. ಎದೆಯಡಿ ಒಂದು ಕೈ, ಹಿಂಗಾಲಿನಡಿ ಇನ್ನೊಂದು ಕೈಯಿಟ್ಟು ಎತ್ತಿದಳು. ಬಾಲ ಬಡಿದರೆ ತಕ್ಷಣ ಇಳಿಸುತ್ತಿದ್ದಳು.

ವಸಂತ ಬಂತು. ಮೊದಲ ಪರೀಕ್ಷೆಗೆ ಬಂಡೆಯಂಥ ರಾಕ್ಷಸ ಬಂದು ಕೈ ಚಾಚಿದ.

"ಎತ್ತಿಕೋ ಅಣ್ಣಾ. ಮೊದಲು ಬೆರಳು ಮೂಸಿಸು. ಹಿಂಗಾಲಿಗೆ ಅಂಗೈ ಕೊಡು," ಎಂದಳು ತರಳೆ.

ರಾಕ್ಷಸ ಹಾಗೇ ಮಾಡಿದ. ಮುಗಿಲಿ ಅವನ ಅಂಗೈಯಲ್ಲಿ ಮುದುಡಿ ಮಲಗಿ ಹಾಯಾಗಿ ಗುರುಗುಟ್ಟಿದಳು. ರಾಕ್ಷಸ ಜೀವನದಲ್ಲೇ ಮೊದಲ ಸಲ ನಕ್ಕ.

ಎರಡನೆಯದಕ್ಕೆ ಬೆಂಕಿಯುಗುಳುವ ನಾಯಿ ಬಂತು. ಅದು ಬೊಗಳಿದರೆ ಗೋಡೆ ಅದುರುತ್ತಿತ್ತು. ತರಳೆ ಮುಗಿಲಿಯ ಮುಖವನ್ನು ಸೆರಗಿನಿಂದ ಮರೆಮಾಡಿ ಎದೆಗವಚಿಕೊಂಡಳು. "ನಾನಿದ್ದೀನಿ ಕಣೇ." ಸೆರಗು ಸರಿಸಿದಾಗ ಮುಗಿಲಿ ಆಕಳಿಸಿದಳು.

ಮೂರನೆಯದಕ್ಕೆ ಮಾಂತ್ರಿಕನೇ ಎದ್ದು ಬಂದ. ಮುಗಿಲಿಯ ದವಡೆ ಕಟಕಟ ನಡುಗತೊಡಗಿತು.

"ಹೆದರಿತು! ಸೋತೆ!" ಎಂದು ಅವನು ಕೈಯೆತ್ತಿದ.

ತರಳೆಯ ಕಾಲ್ಬೆರಳುಗಳು ಕಲ್ಲಾಗತೊಡಗಿದವು. ಅವಳಿಗೆ ಅಳು ಬಂತು. ಆದರೂ ಮುಗಿಲಿಯನ್ನೇ ನೋಡಿದಳು. ಕಿವಿ ನಿಮಿರಿದ್ದವು. ಮೀಸೆ ಮುಂದಕ್ಕೆ ಚಾಚಿತ್ತು. ಕಣ್ಣು ಮಾಂತ್ರಿಕನ ಪೇಟದ ಮೇಲಿತ್ತು.

"ಇದು ಹೆದರಿಕೆಯಲ್ಲ! ಹಕ್ಕಿ ಕಂಡರೆ ಇವಳು ಹೀಗೇ ಮಾಡುವುದು!"

ತರಳೆ ಕೈ ಸಡಿಲಿಸಿದಳು. ಮುಗಿಲಿ ಚಂಗನೆ ನೆಗೆದಳು. ಪೇಟ ಉರುಳಿತು. ಒಳಗೆ ಕಟ್ಟಿಹಾಕಿದ್ದ ಗೊರವಂಕವೊಂದು ದಾರ ಹರಿದುಕೊಂಡು ಕಿಟಕಿಯಾಚೆ ಹಾರಿಹೋಯಿತು. ಮಾಂತ್ರಿಕನ ಕಿವಿಯಲ್ಲಿ ಮಂತ್ರ ಹೇಳಿಕೊಡುತ್ತಿದ್ದುದು ಆ ಸೆರೆಹಕ್ಕಿಯೇ. ಅವನು ಬಾಯಿ ತೆರೆದ. ಒಂದಕ್ಷರವೂ ಬರಲಿಲ್ಲ. ಬೋಳುತಲೆಯಲ್ಲೇ ಓಟ ಕಿತ್ತ.

ಮಾಟ ಕಳಚಿತು. ತರಳೆಯ ಕಾಲ್ಬೆರಳುಗಳು ಮೊದಲಿನಂತಾದವು, ಕಲ್ಲಿನ ಬೆಕ್ಕುಗಳು ಮೈಮುರಿದವು. ರಾಣಿ ಕಣ್ಣುಜ್ಜಿಕೊಂಡು ಕೇಳಿದಳು: "ಮಗಳೇ, ಯಾರು ಗೆದ್ದರು?"

"ಗೊತ್ತಿಲ್ಲಮ್ಮ, ತೀರ್ಪುಗಾರ ಓಡಿಹೋದ," ಎಂದು ತರಳೆ ಅಮ್ಮನನ್ನು ತಬ್ಬಿಕೊಂಡಳು.

ರಾಕ್ಷಸ ನಾಚುತ್ತ ಮುಂದೆ ಬಂದ. "ತೀರ್ಪುಗಾರ ನಾನಾಗಲೇ, ತಾಯಿ?"

ಅಂದಿನಿಂದ ಹಿಮಕೂಟದಲ್ಲಿ ಅವನದೇ ತೀರ್ಪು. ಎಲ್ಲ ಬೆಕ್ಕಿಗೂ ಮೊದಲ ಬಹುಮಾನ, ಎಲ್ಲರಿಗೂ ಪಾಯಸ. ಆ ರಾಜ್ಯದಲ್ಲಿ ಎಲ್ಲರೂ ನಗುನಗುತ್ತ ಬಾಳಿದರು.