ಉಪ್ಪು ನೋಡಿ ಕೊಡಿ

"ಉಪ್ಪು ಎಷ್ಟಿದೆ ಅಂತ ನಿಮಗೇ ಗೊತ್ತಿಲ್ವಾ? ಹಾಗಾದ್ರೆ ಈ ಗಾಜಿನ ಹಿಂದೆ ನಿಂತು ಏನು ಮಾಡ್ತಿದ್ದೀರಿ!"

ಆ ದನಿ ತನ್ನದೇ ಎಂದು ದಮಿಯಾನಾಳಿಗೆ ನಂಬಲಾಗಲಿಲ್ಲ. ಅಷ್ಟು ಜೋರಾಗಿ ಅವಳು ತರಗತಿಯಲ್ಲೂ ಮಾತಾಡಿದವಳಲ್ಲ. ಚೀಸಿನ ಕೌಂಟರಿನ ಮುಂದೆ ಒತ್ತಿಕೊಂಡು ನಿಂತಿದ್ದವರೆಲ್ಲ ಒಮ್ಮೆ ತಿರುಗಿ ನೋಡಿದರು.

ಅವಳು ಚೀಲದಿಂದ ನಿನ್ನೆಯ ಪೊಟ್ಟಣ ತೆಗೆದು ಗಾಜಿನ ಮೇಲಿಟ್ಟಳು.

"ಉಪ್ಪು ಕಡಿಮೆ ಇರೋದು ಕೊಡಿ ಅಂತ ಕೇಳಿ ತಗೊಂಡು ಹೋದೆ. ಮನೇಲಿ ಕಾಯಿಲೆಯವರಿದ್ದಾರೆ. ಬೆಳಗಾಗೋ ಹೊತ್ತಿಗೆ ಕಾಲು ಊದಿಕೊಂಡು, ನೀರು ನೀರು ಅಂತ..."



ಗಾಜಿನ ಆಚೆ ನಿಂತಿದ್ದ ಸಬ್ರಿ ನಿಧಾನವಾಗಿ ಪೊಟ್ಟಣ ಬಿಚ್ಚಿ ನೋಡಿದ. ಮೊಣಕೈವರೆಗೂ ಬಿಳಿ ಅಂಗಿಯ ತೋಳು, ಮಣಿಕಟ್ಟು ಮುಚ್ಚುವ ಪ್ಲಾಸ್ಟಿಕ್ ಕೈಗವಸು. ಮುಖದಲ್ಲಿ ಬೆಳಗಿನಿಂದ ನಿಂತವನ ಆಯಾಸ.

"ಈ ಗಟ್ಟಿ ರೂಮಿ ಚೀಸಲ್ಲಿ ಉಪ್ಪು ಒಂದೊಂದು ಚಕ್ರದ ಗಡ್ಡೆಗೂ ಬೇರೆ ಇರುತ್ತೆ ಮೇಡಂ. ಒಂದು ಚೂರು ಕೊಡ್ತೀನಿ, ಬಾಯಿಗೆ ಹಾಕಿ ನೋಡಿ."

"ನನಗೆ ಆಗಲ್ಲ. ನೀವೇ ನೋಡಿ ಹೇಳಿ."

"ನನಗೂ ಆಗಲ್ಲ."

ಅಷ್ಟೇ! ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಆ ವರ್ಷ ರಂಜಾನ್ ತಿಂಗಳೂ ಕ್ರೈಸ್ತರ ದೊಡ್ಡ ಉಪವಾಸವೂ ಒಟ್ಟಿಗೇ ಬಂದುಬಿಟ್ಟಿದ್ದವು. ಮಲ್ಲಾವಿ ಪಟ್ಟಣದಲ್ಲಿ ಒಂದು ಪಾಲು ಜನ ಹೊತ್ತು ಮುಳುಗುವ ತನಕ ನೀರನ್ನೂ ಮುಟ್ಟುವಂತಿಲ್ಲ; ಇನ್ನೊಂದು ಪಾಲು ಜನ ಈಸ್ಟರ್ ಬರುವ ತನಕ ಹಾಲು, ಮೊಟ್ಟೆ, ಮಾಂಸದ ಕಡೆ ನೋಡುವಂತಿಲ್ಲ. ಬೇರೆ ದಿನಗಳಲ್ಲಾದರೆ ಚಾಕುವಿನ ತುದಿಯಲ್ಲಿ ಚಾಚಿದ ಚೂರನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಮೆದ್ದು, ಬೇಕು ಬೇಡ ಅನ್ನುವುದು ಇಲ್ಲಿಯವರ ರೂಢಿ. ಈಗ ಕೊಳ್ಳುವವರ ನಾಲಿಗೆಗೂ ಬೀಗ, ಮಾರುವವರ ನಾಲಿಗೆಗೂ ಬೀಗ. ಎಲ್ಲರೂ ಅಂದಾಜಿನಲ್ಲಿ ಕೊಂಡು, ಮಾರನೆಯ ದಿನ ಬಂದು ಜಗಳವಾಡುತ್ತಿದ್ದರು.

"ನಿಮ್ಮಿಬ್ಬರ ವ್ಯಾಜ್ಯ ಮುಗಿಯೋದರೊಳಗೆ ನನ್ನ ಹೆಣ ಬೀಳುತ್ತೆ," ಎಂದಳು ಪಕ್ಕದಲ್ಲಿದ್ದ, ಹಜ್ ಮಾಡಿ ಬಂದ ಮುದುಕಿ ಹಾಜಾ ಇನ್ಶಿರಾಹ್. "ಏನಪ್ಪಾ ಸಬ್ರಿ, ನನಗೆ ಕಾಲು ಕಿಲೋ. ಕಾಲು ಅಂದ್ರೆ ಕಾಲು! ದಿನಾ ಜಾಸ್ತಿ ತೂಗಿ 'ಸ್ವಲ್ಪ ಹೆಚ್ಚಾಯ್ತು, ಇರಲಾ ಹಾಜಾ' ಅಂತೀಯ. ಒಂದು ದಿನವಾದ್ರೂ ನಿನ್ನ ಕೈಯಲ್ಲಿ ಕಡಿಮೆ ಬಿದ್ದಿದ್ದುಂಟಾ?"

ಜನ ನಕ್ಕರು. ದಮಿಯಾನಾಳಿಗೆ ನಗು ಬರಲಿಲ್ಲ. ಹೊತ್ತು ಇಳಿಯುತ್ತಿತ್ತು. ಇಫ್ತಾರಿಗೆ ಮುಂಚೆ ಹೊರಡುವ ಕೊನೆಯ ಮೈಕ್ರೋಬಸ್ಸು ತಪ್ಪಿದರೆ ಚಾಲಕರೆಲ್ಲ ಊಟ ಮುಗಿಸಿ ಬರುವ ತನಕ ತನ್ನ ಹಳ್ಳಿಗೆ ಗಾಡಿಯಿಲ್ಲ. ಸಬ್ರಿ ಬೇರೆ ಚಕ್ರದಿಂದ ಕತ್ತರಿಸಿಕೊಟ್ಟದ್ದನ್ನು ಕಸಿದುಕೊಂಡಂತೆ ತೆಗೆದುಕೊಂಡು ಓಡಿದಳು.

ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ ಮೈಯೆಲ್ಲ ಸೋತುಹೋಗಿತ್ತು. ಕಾಲುವೆಯ ಆಚೆ ಕಬ್ಬಿನ ಗದ್ದೆಗಳು, ಹಿಂದೆ ಹಿಂದೆ...

ಮನೆಯಲ್ಲಿದ್ದದ್ದು ಅವಳ ಅಪ್ಪ ಬುಶ್ರಾ. ಜೀವಮಾನವಿಡೀ ಕಬ್ಬು ಕಡಿದ ಮನುಷ್ಯ. ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಬಲಗೈ ಏಳದು, ಮಾತು ಅರ್ಧ. ಬೇಯಿಸಿದ ಬೇಳೆ, ಅನ್ನ, ಏನು ಕೊಟ್ಟರೂ ಬಾಯಿ ಬಿಗಿಹಿಡಿಯುತ್ತಾನೆ. ನೆನೆಸಿದ ರೊಟ್ಟಿಯ ಮೇಲೆ ಸಿಗರೇಟಿನ ಕಾಗದದಷ್ಟು ತೆಳ್ಳಗಿನ ರೂಮಿ ಚೀಸು ಇಟ್ಟರೆ ಮಾತ್ರ ನಾಲ್ಕು ತುತ್ತು. ಉಪವಾಸದಲ್ಲೂ ತಿನ್ನಲಿ ಎಂದು ಪಾದ್ರಿಗಳು ಒಪ್ಪಿಗೆ ಕೊಟ್ಟಿದ್ದರು. ಡಾಕ್ಟರು ಹೇಳಿದ್ದು ಬೇರೆ: "ಉಪ್ಪು ಹೆಚ್ಚಾದ್ರೆ ಕಷ್ಟ. ತಿನ್ನದೇ ಇದ್ರೂ ಕಷ್ಟ."

ಈ ಎರಡು ಕಷ್ಟಗಳ ನಡುವೆ ದಿನಾ ನಿಲ್ಲುವವಳು ಅವಳೊಬ್ಬಳೇ.

ಮಾರನೆಯ ದಿನ ಅವಳು ಕೌಂಟರ್ ತಲುಪುವ ಮೊದಲೇ ಸಬ್ರಿ ಕೆಳಗಿನಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟ. "ಇದು ನಿಮಗೆ ಅಂತ ಇಟ್ಟಿದ್ದೆ."

ದಮಿಯಾನಾ ಬಿಚ್ಚಿ ನೋಡಿದಳು. ಅಂಚು ಸ್ವಲ್ಪ ಒಣಗಿತ್ತು.

'ಓಹೋ... ಜಗಳ ಆಡಿದವಳಿಗೆ ಹಳಸಲು!'

"ಇದು ನಿನ್ನೆ ಕತ್ತರಿಸಿದ್ದು."

"ಹೌದು. ಆದ್ರೆ ಒಳ್ಳೇದಿದೆ. ನಂಬಿ."

"ನಂಬಿದ್ದು ಸಾಕು. ನನ್ನ ಕಣ್ಣೆದುರಿಗೆ ಕತ್ತರಿಸಿ."

ಅವನು ಯಂತ್ರದಲ್ಲಿ ಹೊಸ ತುಂಡಿಟ್ಟು, ತೆಳ್ಳಗೆ, ಒಂದೊಂದೇ ಹಾಳೆ ಇಳಿಸಿ ಕೊಟ್ಟ. ಅಂದು ಅಪ್ಪ ಒಂದು ತುತ್ತು ತಿಂದು ಉಗಿದುಬಿಟ್ಟ.

ಹೀಗೇ ಕೆಲವು ದಿನ. ಅವನು ಪೊಟ್ಟಣ ಮುಂದಿಡುವುದು, ಇವಳು ಹಿಂದಕ್ಕೆ ತಳ್ಳುವುದು. ಒಂದು ಸಂಜೆ ಬಸ್ಸು ಹೊರಡುವ ಹಾರನ್ ಕೇಳಿಸಿ, ಜಗಳಕ್ಕೂ ತ್ರಾಣವಿಲ್ಲದೆ, ಆ ಪೊಟ್ಟಣವನ್ನೇ ಎತ್ತಿಕೊಂಡು ಓಡಿದಳು.

ಅಂದು ಅಪ್ಪ ತಟ್ಟೆಯಲ್ಲಿದ್ದುದನ್ನೆಲ್ಲ ತಿಂದ. ತಿಂದು, ಎಡಗೈಯಿಂದ ತಟ್ಟೆಯನ್ನು ಅವಳ ಕಡೆ ದೂಡಿ, "ಇನ್..." ಎಂದ.

ಇನ್ನೂ ಬೇಕಂತೆ!

ದಮಿಯಾನಾ ಅಡುಗೆಮನೆಗೆ ಹೋಗಿ ಸದ್ದಿಲ್ಲದೆ ಅತ್ತಳು.

ಅಲ್ಲಿಂದ ಮುಂದೆ ಅವಳು ಪೊಟ್ಟಣವನ್ನು ಬಿಚ್ಚಿ ನೋಡಲಿಲ್ಲ. ಅಪ್ಪನ ಕಾಲಿನ ಊತ ಇಳಿಯುತ್ತ ಬಂತು. ಆದರೆ ಇನ್ನೊಂದು ತೊಂದರೆ ಶುರುವಾಯಿತು. ಶಾಲೆಯಲ್ಲಿ ಮಕ್ಕಳ ನೋಟುಪುಸ್ತಕ ತಿದ್ದುವಾಗ ಆ ಬಿಳಿ ತೋಳು, ಆ ಆಯಾಸದ ಕಣ್ಣು, "ಹುಷಾರಾಗಿ ಹೋಗಿ ಮೇಡಂ" ಎನ್ನುವ ಆ ತಗ್ಗಿದ ದನಿ ನೆನಪಾಗತೊಡಗಿದವು.

'ಥೂ, ಏನಾಗಿದೆ ನಿನಗೆ! ಅವನು ರಂಜಾನ್ ಉಪವಾಸದವನು. ನಿನ್ನ ಮಣಿಕಟ್ಟಿನ ಮೇಲೆ ಶಿಲುಬೆಯ ಹಚ್ಚೆಯಿದೆ. ಈ ಊರಲ್ಲಿ ಇಂಥ ಯೋಚನೆ ಕೂಡ ಮಾಡಬಾರದು...'

ಅದಲ್ಲದೆ ಮದುವೆಯ ಮಾತನ್ನೇ ಅವಳು ಬಿಟ್ಟಾಗಿತ್ತು. ಬಂದ ಗಂಡುಗಳೆಲ್ಲ ಕೇಳಿದ್ದು ಒಂದೇ: ಅಪ್ಪನನ್ನು ಯಾರು ನೋಡಿಕೊಳ್ಳುತ್ತಾರೆ? ಆ ಪ್ರಶ್ನೆಗೆ ಅವಳು ಬಾಗಿಲು ತೋರಿಸಿದ್ದಳು.

ಒಂದು ದಿನ ಶಾಲೆಯಲ್ಲಿ ತಡವಾಗಿ ಬಸ್ಸು ತಪ್ಪಿಯೇ ಹೋಯಿತು. ಇಫ್ತಾರಿನ ಹೊತ್ತು, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅಪ್ಪನ ಹತ್ತಿರ ಇನ್ನೂ ಸ್ವಲ್ಪ ಹೊತ್ತು ಕೂತಿರಲು ಪಕ್ಕದ ಮನೆಯವಳಿಗೆ ಫೋನು ಮಾಡಿ, ಅಂಗಡಿಯ ಹೊರಗಿನ ಕಲ್ಲುಕಟ್ಟೆಯ ಮೇಲೆ ಕೂತಳು. ಪ್ರಾರ್ಥನೆಯ ಕರೆ ಮುಗಿದು, ಜನ ಮತ್ತೆ ಕಾಣತೊಡಗಿದ ಮೇಲೆ ಒಳಗೆ ಹೋದಳು.

ಗಿರಾಕಿಗಳು ಯಾರೂ ಇರಲಿಲ್ಲ. ಕೌಂಟರಿನ ಹಿಂದೆ ಹಿರಿಯ ಕೆಲಸಗಾರ ಬಯೂಮಿ ಸ್ಟೂಲಿನ ಮೇಲೆ ಕೂತಿದ್ದ. ಸಬ್ರಿ ಒಂದೊಂದು ಚಕ್ರದಿಂದ ಒಂದೊಂದು ಚೂರು ಕತ್ತರಿಸಿ ಅವನಿಗೆ ಚಾಚುತ್ತಿದ್ದ.

"ಅಯ್ಯೋ ಮಾರಾಯ, ಗಂಟಲಲ್ಲಿ ಇಫ್ತಾರಿನ ಖರ್ಜೂರ ಇನ್ನೂ ಇಳಿದಿಲ್ಲ," ಬಯೂಮಿ ಗೊಣಗುತ್ತಿದ್ದ. "ದಿನಾ ಇದೇ ಆಯ್ತು. ಇದು ಉಪ್ಪು. ಇದೂ ಉಪ್ಪು. ಹಾಂ... ಇದು ಪರವಾಗಿಲ್ಲ. ಇದನ್ನ ನಿನ್ನ ಟೀಚರಮ್ಮನಿಗೆ ಕತ್ತರಿಸಿಡು."

ದಮಿಯಾನಾ ನಿಂತಲ್ಲೇ ನಿಂತಳು.

ಅದಕ್ಕೇ ನಿನ್ನೆ ಕತ್ತರಿಸಿದ್ದು... ಎಷ್ಟು ಸಲ ಅವನ ಮುಖಕ್ಕೆ ಎಸೆದ ಮಾತು ಅದು!

ಸಬ್ರಿ ತಲೆಯೆತ್ತಿ ನೋಡಿ ಬಿಳಿಚಿಕೊಂಡ. "ಬಸ್ಸು ತಪ್ಪಿತಾ? ಮನೇಲಿ ಒಬ್ಬರೇ ಇದ್ದಾರಾ ಅವರು?"

"ಪಕ್ಕದವರಿದ್ದಾರೆ." ನಾಚಿಕೆಯೋ ಸಿಟ್ಟೋ ಅವಳಿಗೇ ತಿಳಿಯದು. "ಈ ಹಿರಿಯರಿಗೆ ಯಾಕೆ ತೊಂದರೆ ಕೊಡ್ತೀರಿ? ಪ್ರಾರ್ಥನೆಯ ಕರೆ ಆಯ್ತಲ್ಲ, ನೀವೇ ರುಚಿ ನೋಡಬಹುದಿತ್ತು."

ಬಯೂಮಿ ಹೊಟ್ಟೆ ಹಿಡಿದು ನಕ್ಕ. "ಇವನಾ? ನಾನು ಕರೆ ಕೇಳಿದ ತಕ್ಷಣ ಬಾಯಿ ತೆರೀತೀನಿ ಟೀಚರಮ್ಮ. ಇವನು ಬಾಯಿ ತೆರೆಯೋಕೆ ಈಸ್ಟರೇ ಬರಬೇಕು!"

ಸಬ್ರಿ ಬಲಗೈಯ ಕೈಗವಸು ಎಳೆದು ತೆಗೆದ. ಮಣಿಕಟ್ಟಿನ ಒಳಗೆ, ಬೆವರಿನಿಂದ ಬೆಳ್ಳಗಾದ ಚರ್ಮದ ಮೇಲೆ, ಚಿಕ್ಕದೊಂದು ನೀಲಿ ಶಿಲುಬೆ.

"ನೀವು... ಒಂದು ಮಾತು ಹೇಳಬಾರದಿತ್ತಾ!"

"ಹೇಳಿ ಏನು ಮಾಡಲಿ ಮೇಡಂ?" ಅವನು ನೆಲ ನೋಡುತ್ತ ಹೇಳಿದ. "ಗಂಡ ಹಾಸಿಗೆ ಹಿಡಿದಿರೋ ಹೆಂಗಸಿನ ಹತ್ತಿರ ನಾನು ಯಾರು, ಎಂಥವನು ಅಂತ ಹೇಳಿಕೊಳ್ಳೋದು ಸರೀನಾ?"

"ಗಂಡನಾ?"

"ಎಡಗೈಯಲ್ಲಿ ಮದುವೆ ಉಂಗುರ ಇದೆಯಲ್ಲ..."

"ಇದು ನನ್ನ ಅಮ್ಮಂದು! ಬಸ್ಸಲ್ಲಿ 'ಇನ್ನೂ ಮದುವೆ ಆಗಿಲ್ವಾ' ಅಂತ ಕೇಳೋರ ಬಾಯಿ ಮುಚ್ಚಿಸೋಕೆ ಹಾಕ್ಕೊಂಡಿದ್ದು. ಮನೇಲಿರೋದು ಅಪ್ಪ!"



"ನಾನು ಹೊರಗೆ ಹೋಗಿ ಒಂದು ಸಿಗರೇಟು ಸೇದ್ತೀನಿ," ಎಂದು ಬಯೂಮಿ ಎದ್ದ. "ಎರಡಾದ್ರೂ ಆಗಬಹುದು."

ಅವನು ಹೋದ ಮೇಲೆ ಸಬ್ರಿ ಕೇಳಿದ, "ಅಪ್ಪನನ್ನ ನೋಡೋಕೆ ಬರಬಹುದಾ?"

ಶುಕ್ರವಾರ ಅವನು ಬಂದ. ಒಂದು ಚೀಲ ಕಿತ್ತಳೆ ಹಿಡಿದು, ಕಾಲುವೆಯ ಏರಿಯ ಮೇಲೆ ನಡೆದು ಬಂದ. ಹಾಸಿಗೆಯ ಪಕ್ಕ ನೆಲದ ಮೇಲೆಯೇ ಕೂತು, ಬುಶ್ರಾನ ಏಳದ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಈ ಸಲ ಕಬ್ಬು ಎಷ್ಟೆತ್ತರ ಬಂದಿದೆ ಎಂದು ಹೇಳುತ್ತ ಹೋದ. ಅಪ್ಪನ ಕಣ್ಣು ಅವನ ಮುಖ ಬಿಟ್ಟು ಕದಲಲಿಲ್ಲ. ತುತ್ತು ಕೊಟ್ಟರೆ ಬಾಯಿ ತೆರೆದ. ಮಗಳದಲ್ಲದ ಕೈಯಿಂದ ಅಪ್ಪ ಉಂಡಿದ್ದು ಅದೇ ಮೊದಲು.

ದಮಿಯಾನಾ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ಅಪ್ಪ ನಿದ್ದೆಹೋದ ಮೇಲೆ ಸಬ್ರಿ ಎದ್ದು ಹೊರಗೆ ಬಂದ.

"ಉಪವಾಸ ಮುಗಿಯೋ ತನಕ ನಿಶ್ಚಿತಾರ್ಥ ಮಾಡೋ ಹಾಗಿಲ್ಲ," ಎಂದ, ಯಾರಿಗೋ ಹೇಳುವಂತೆ.

"ಯಾರ ನಿಶ್ಚಿತಾರ್ಥ?"

"ಹಬ್ಬ ಆದಮೇಲೆ ಹೇಳ್ತೀನಿ."

ಅವಳ ತುಟಿಯಂಚಿಗೆ ನಗು ಬಂದು ಮಾಯವಾಯಿತು. "ಸಬ್ರಿ... ನಾನು ಅಪ್ಪನನ್ನ ಬಿಟ್ಟು ಎಲ್ಲಿಗೂ ಬರಲ್ಲ. ಈಗಲೇ ಹೇಳಿಬಿಡ್ತೀನಿ."

"ಬಿಟ್ಟು ಬನ್ನಿ ಅಂದವರು ಯಾರು? ಪಟ್ಟಣದಲ್ಲಿ ನನಗಿರೋದು ಬಾಡಿಗೆಯ ಒಂದು ಕೋಣೆ, ಒಂದು ಮಂಚ. ನಾನೇ ಇಲ್ಲಿಗೆ ಬರ್ತೀನಿ."

"ಮಾವನ ಮನೆ ಸೇರಿಕೊಂಡ ಅಂತ ಜನ ನಗ್ತಾರೆ."

"ದಿನವಿಡೀ ಗಿರಾಕಿಗಳ ಕೈಲಿ ಬೈಸಿಕೊಳ್ಳೋನು ನಾನು. ನಗೋರು ಎಷ್ಟೋ ವಾಸಿ."

ಅವಳು ಮಾತಾಡಬೇಕೆಂದು ಬಾಯಿ ತೆರೆದಳು. ಇಷ್ಟು ವರ್ಷ ಯಾರಿಗೂ ಹೇಳದ ಮಾತೊಂದು, ಅವಳು ತಡೆಯುವ ಮೊದಲೇ ಹೊರಗೆ ಬಂತು.

"ನನಗೆ ತುಂಬಾ ಸುಸ್ತಾಗಿದೆ ಸಬ್ರಿ..."

"ಗೊತ್ತು," ಎಂದ ಅವನು. ಗೋಡೆಗೆ ಒರಗಿಸಿದ್ದ ಮಣೆಯನ್ನು ತೆಗೆದು ಅವಳ ಕಾಲ ಬಳಿ ಹಾಕಿದ. "ನೀನು ಕೂತ್ಕೋ. ಟೀ ನಾನು ಮಾಡ್ತೀನಿ."

"ಸಕ್ಕರೆ ಎಲ್ಲಿದೆ ಅಂತ ನಿನಗೆ ಗೊತ್ತಿಲ್ಲ..."

"ಹುಡುಕ್ತೀನಿ. ನೀನು ಏಳಬೇಡ."

ಅವಳು ಏಳಲಿಲ್ಲ.