ಹಗೇವಿನೊಳಗಿಂದ ಜಗ್ಗಿದ ಹಗ್ಗ

ಮೇ ತಿಂಗಳ ರಣಬಿಸಿಲಿನಲ್ಲಿ, ತುಬಚಿಯಲ್ಲಿ ನಾನೇ ಕಣ್ಣಾರೆ ಕಂಡದ್ದಿದು. ಹಡಗು ಸೇರುವ ಹುಡುಗರಿಗೆ ಎಲ್‌ಎನ್‌ಜಿ ಎಂಬ ದ್ರವ ಅನಿಲದ ಟ್ಯಾಂಕು ಬರಿದು ಮಾಡುವುದನ್ನು ಕಲಿಸುತ್ತೇನೆ. ಮಂಜುಗಡ್ಡೆಗಿಂತ ತಣ್ಣಗಿನ ಆ ಅನಿಲವೆಲ್ಲ ಹೋಗಿ ಗಾಳಿ ತುಂಬುವ ಮೊದಲು ಇಳಿದವನು ಹೆಣವೇ. ನನ್ನ ಶಿಷ್ಯ ಧರೆಪ್ಪನನ್ನು ಹಾಗೆ ಇಳಿಸಿ ಕೊಂದ ಕಂಪನಿ, ಎದೆನೋವೆಂದು ಕೈತೊಳೆದುಕೊಂಡಿತು!

ಅಂದು ತುಬಚಿಯ ಅವನ ಮನೆಯ ಹಗೇವು, ಜೋಳ ತುಂಬುವ ನೆಲದ ಗುಂಡಿ, ಪಾಠಕ್ಕೆ ನಮ್ಮ ಟ್ಯಾಂಕು. ಹುಡುಗರಿಗೆ ಹುರುಪೋ ಹುರುಪು.

“ಕಂದೀಲ ಇಳಿಸಿ ಗಾಳಿ ನೋಡೂಣೇನ್ರಿ ಸರ್, ನಮ್ಮಜ್ಜ ಮಾಡಿದಂಗ?” ಎಂದ ಧರೆಪ್ಪನ ತಮ್ಮ ಸಂಜು.

“ಟ್ಯಾಂಕಿನ್ಯಾಗ ಕಂದೀಲ ಇಳಿಸಿದ್ರ ಹಡಗ ಹಾರಿ ಹೋಗತೈತಲೇ!” ಎಂದೆ. ಎಲ್ಲರೂ ನಕ್ಕರು.

ಗಾಳಿ ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಸಿದೆವು. ಗಾಳಿ ಕೆಟ್ಟಿದ್ದರೆ ಕೂಗಬೇಕಾದ ಅದು ಕೂಗಲಿಲ್ಲ.

“ಗಾಳಿ ಛಲೋ ಐತ್ರಿ, ನಾ ಮೊದಲ ಇಳೀತೇನ್ರಿ!” ಎಂದು ಸಂಜು ಕಾಲು ಇಳಿಬಿಟ್ಟ. ಅಷ್ಟರಲ್ಲಿ ಅವನ ಕೈಲಿದ್ದ ಮೀಟರಿನ ಹಗ್ಗವನ್ನು ಒಳಗಿನಿಂದ ಯಾರೋ ಒಮ್ಮೆ ಜಗ್ಗಿದರು. ತಡೆದು, ಮತ್ತೆ ಎರಡು ಸಲ. ಅವನನ್ನು ಹಿಂದಕ್ಕೆಳೆದೆ. ಮೇಲೆ ಬಂದ ಮೀಟರಿನ ತುಂಬ ಬಿಳಿ ಹಿಮ, ಪ್ರಾಣವಾಯು ಸೊನ್ನೆ. ಟಾರ್ಚು ಬಿಟ್ಟು ನೋಡಿದರೆ ಒಳಗೆ ಯಾರೂ ಇಲ್ಲ.

ಒಮ್ಮೆ, ತಡೆದು ಎರಡು ಸಲ ಜಗ್ಗಿದರೆ ‘ಇಳಿಯಬೇಡ’ ಎಂದರ್ಥ. ಆ ಗುರುತು ನಾನೇ ಮಾಡಿದ್ದು. ಧರೆಪ್ಪನಿಗೆ ಕಲಿಸಿದ್ದೆ; ಈ ಹುಡುಗರಿಗೆ ಅದನ್ನು ಇನ್ನೂ ಕಲಿಸಿರಲಿಲ್ಲ.